ಕ್ಯಾನೂ ಪಯಣಕ್ಕೆ ಪೀನಟ್ ಬಟರ್ ಬುತ್ತಿ: ಹಂತ ಹಂತವಾಗಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಕೆನಡಾ ಗಡಿಗೆ ತಾಗಿಕೊಂಡು ‘ಬೌಂಡರಿ ವಾಟರ್ಸ್’ ಎಂಬ ಕಾಡಿದೆ. ಹತ್ತು ಲಕ್ಷ ಎಕರೆಗೂ ಮೀರಿದ ಈ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಒಳಗೆ ಅಂಗಡಿಯಿಲ್ಲ, ಹೋಟೆಲಿಲ್ಲ, ಬಹುಪಾಲು ಸರೋವರಗಳಲ್ಲಿ ಮೋಟಾರು ದೋಣಿಗೂ ಅವಕಾಶವಿಲ್ಲ. ಓಡಾಟವೆಲ್ಲ ಕ್ಯಾನೂ ಎಂಬ ಉದ್ದನೆಯ ಹಗುರ ದೋಣಿಯಲ್ಲಿ, ಹುಟ್ಟು ಹಾಕುತ್ತ. ಒಂದು ಸರೋವರ ಮುಗಿದ ಕಡೆ ದೋಣಿಯನ್ನು ಹೆಗಲ ಮೇಲೆ, ಗಂಟುಮೂಟೆಯನ್ನು ಬೆನ್ನ ಮೇಲೆ ಹೊತ್ತು ಮುಂದಿನ ಸರೋವರದವರೆಗೆ ನಡೆಯಬೇಕು. ಈ ಕಾಲುದಾರಿಗೆ ಪೋರ್ಟೇಜ್ ಎನ್ನುತ್ತಾರೆ. ಅದರ ಉದ್ದವನ್ನು ಇವತ್ತಿಗೂ ‘ರಾಡ್’ ಲೆಕ್ಕದಲ್ಲೇ ಹೇಳುವುದು. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕ್ಯಾನೂವಿನ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ.

ತುಪ್ಪಳದ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಇದೇ ನೀರಿನ ದಾರಿಯಲ್ಲಿ ‘ವೊಯಾಜರ್’ ಎಂಬ ಫ್ರೆಂಚ್ ಕೆನಡಿಯನ್ ಅಂಬಿಗರು ಸರಕು ಸಾಗಿಸುತ್ತಿದ್ದರು. ಒಂದೊಂದು ಮೂಟೆ 90 ಪೌಂಡ್, ಅಂದರೆ ಸುಮಾರು 41 ಕಿಲೋ. ಒಬ್ಬೊಬ್ಬರೂ ಒಂದು ಸಲಕ್ಕೆ ಅಂಥ ಎರಡು ಮೂಟೆ ಹೊರುತ್ತಿದ್ದರು. ಒಣಗಿಸಿದ ಬಟಾಣಿ ಅಥವಾ ಮೆಕ್ಕೆಜೋಳವನ್ನು ಹಂದಿಯ ಕೊಬ್ಬಿನ ಜೊತೆ ಬೇಯಿಸಿದ ಗಂಜಿಯೇ ಅವರ ಊಟ. ಕಡಿಮೆ ತೂಕ, ಹೆಚ್ಚು ಕಸುವು: ಅವರ ಲೆಕ್ಕ ಇಷ್ಟೇ. ಇವತ್ತು ಆ ಕೊಬ್ಬಿನ ಜಾಗಕ್ಕೆ ಪೀನಟ್ ಬಟರ್, ಅಂದರೆ ಕಡಲೆಕಾಯಿ ಬೆಣ್ಣೆ, ಬಂದಿದೆ.

ಅದರ ಗುಣ, ದೋಷ ಎರಡೂ ಇರುವುದು ಎಣ್ಣೆಯಲ್ಲಿ. ಕಸುವು ಕೊಡುವುದು ಎಣ್ಣೆ. ಚೀಲದೊಳಗೆ ಸೋರುವುದೂ, ಕರಡಿಯನ್ನು ಕರೆಯುವುದೂ, ತಣ್ಣೀರಿಗೆ ಬಿಡದೆ ಡಬ್ಬಿಗೆ ಅಂಟಿ ಕೂರುವುದೂ ಅದೇ ಎಣ್ಣೆ. ಕೆಳಗಿನ ಹಂತಗಳೆಲ್ಲ ಆ ಎಣ್ಣೆಯನ್ನು ಅದರ ಜಾಗದಲ್ಲಿ ಇಡುವ ಉಪಾಯಗಳು.

ಬೇಕಾಗುವ ಸಾಮಾನು (ನಾಲ್ಕು ಜನ, ಐದು ದಿನ)

- 16 ಔನ್ಸ್ (454 ಗ್ರಾಂ) ತೂಕದ ಪೀನಟ್ ಬಟರ್, ಪ್ಲಾಸ್ಟಿಕ್ ಡಬ್ಬಿಯಲ್ಲಿ: 3
- ದಪ್ಪ ಜಿಪ್‌ಲಾಕ್ ಕವರ್: 6 ರಿಂದ 11
- ಉದ್ದ ಹಿಡಿಯ ಚಮಚ: 1
- ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗುವ, ಮರುತುಂಬುವ ಪ್ಲಾಸ್ಟಿಕ್ ಟ್ಯೂಬ್: 1 ಅಥವಾ 2 (ಇಲ್ಲದಿದ್ದರೂ ನಡೆಯುತ್ತದೆ)
- ಮಾರ್ಕರ್ ಪೆನ್ನು, ಅಡುಗೆಮನೆಯ ತಕ್ಕಡಿ

ಹಂತ 1: ಅಲರ್ಜಿ ಕೇಳಿ

ಕೊಳ್ಳುವುದಕ್ಕೆ ಮೊದಲು ಜೊತೆಗೆ ಬರುವ ಪ್ರತಿಯೊಬ್ಬರನ್ನೂ ಕೇಳಿ: ಕಡಲೆಕಾಯಿ ಆಗುತ್ತದೆಯೇ? ನಮ್ಮೂರ ಕಡೆ ಇದು ವಿಚಿತ್ರ ಪ್ರಶ್ನೆ ಅನ್ನಿಸಬಹುದು, ಅಮೆರಿಕದಲ್ಲಿ ಹಾಗಲ್ಲ. ಅಲರ್ಜಿ ಇದ್ದವರಿಗೆ ಉಸಿರೇ ಕಟ್ಟಬಹುದು, ಆಸ್ಪತ್ರೆ ಮುಟ್ಟಲು ಒಂದು ದಿನವೇ ಹುಟ್ಟು ಹಾಕಬೇಕಾಗಬಹುದು. ಒಬ್ಬರಿಗೆ ಆಗದಿದ್ದರೂ ಪೀನಟ್ ಬಟರ್ ಬೇಡ. ಬೇರೆ ಚಮಚ, ಬೇರೆ ಚೀಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅಂಟುವ ಪದಾರ್ಥ ಎಲ್ಲಿಗೂ ದಾಟುತ್ತದೆ. ಸೂರ್ಯಕಾಂತಿ ಬೀಜದಿಂದ ಮಾಡಿದ ಬೆಣ್ಣೆ ಸಿಗುತ್ತದೆ, ಅದನ್ನೂ ಅವರನ್ನು ಕೇಳಿಯೇ ತನ್ನಿ.

ಹಂತ 2: ಲೆಕ್ಕ ಹಾಕಿ

ಎರಡು ಟೇಬಲ್ ಚಮಚ ಪೀನಟ್ ಬಟರ್ ಸುಮಾರು 32 ಗ್ರಾಂ ತೂಗುತ್ತದೆ, ಸುಮಾರು 190 ಕ್ಯಾಲೊರಿ ಕೊಡುತ್ತದೆ. ನೂರು ಗ್ರಾಮಿಗೆ ಹೆಚ್ಚುಕಡಿಮೆ 590. ಅಷ್ಟೇ ತೂಕದ ಅನ್ನದಲ್ಲಿರುವುದು ಸುಮಾರು 130.

ದಿನವಿಡೀ ಹುಟ್ಟು ಹಾಕುವವರಿಗೆ ಮಧ್ಯಾಹ್ನದ ಊಟಕ್ಕೆ ನಾಲ್ಕು ಟೇಬಲ್ ಚಮಚ, ಅಂದರೆ 64 ಗ್ರಾಂ ಹಿಡಿಯಿರಿ. ನಾಲ್ಕು ಜನ, ಐದು ದಿನಕ್ಕೆ 64 × 4 × 5 = 1,280 ಗ್ರಾಂ. 454 ಗ್ರಾಮಿನ ಮೂರು ಡಬ್ಬಿ 1,362 ಗ್ರಾಂ ಆಗುತ್ತದೆ. ಲೆಕ್ಕ ಸರಿಹೋಯಿತು. ಬೆಳೆಯುವ ಹುಡುಗರಿದ್ದರೆ ಇನ್ನೊಂದು ಡಬ್ಬಿ ಸೇರಿಸಿ. ‘ಇರಲಿ ಬಿಡು’ ಎಂದು ಎರಡು ಡಬ್ಬಿ ಹೆಚ್ಚಿಗೆ ಹಾಕಿದರೆ ಸುಮಾರು ಒಂದು ಕಿಲೋ ಪ್ರತಿ ಪೋರ್ಟೇಜಿನಲ್ಲೂ ನಿಮ್ಮ ಹೆಗಲ ಮೇಲೇ ಕೂತಿರುತ್ತದೆ.

ಹಂತ 3: ಬಗೆ ಆರಿಸಿ

ಅಂಗಡಿಯ ಗೂಡಿನಲ್ಲಿ ಮೂರು ಬಗೆ ಕಾಣುತ್ತವೆ.

*ಬರೀ ಕಡಲೆಕಾಯಿ, ಉಪ್ಪು ಹಾಕಿದ್ದು.* ರುಚಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಆದರೆ ನಿಂತಲ್ಲಿ ಎಣ್ಣೆ ಮೇಲೆ ಬರುತ್ತದೆ, ಹಿಟ್ಟು ತಳ ಹಿಡಿಯುತ್ತದೆ. ಡಬ್ಬಿ ಅಡ್ಡ ಬಿದ್ದರೆ ಮೊದಲು ಸೋರುವುದು ಆ ಎಣ್ಣೆ.

*ಎಣ್ಣೆ ಬೇರ್ಪಡದಂತೆ ಮಾಡಿದ್ದು.* ಇದಕ್ಕೆ ಸ್ವಲ್ಪ ಗಟ್ಟಿಗೊಳಿಸಿದ ಸಸ್ಯಜನ್ಯ ಎಣ್ಣೆ ಸೇರಿಸಿರುತ್ತಾರೆ. ಕಲಕುವ ಕೆಲಸವಿಲ್ಲ, ಸೋರುವುದು ಕಡಿಮೆ. ಮೊದಲ ಸಲ ಹೊರಟವರಿಗೆ ಇದೇ ಸರಿ. ಅಮೆರಿಕದ ಕಾಯಿದೆಯಂತೆ ‘ಪೀನಟ್ ಬಟರ್’ ಎಂದು ಹೆಸರು ಹಾಕಿದ್ದರೆ ಅದರಲ್ಲಿ ಕಡಲೆಕಾಯಿ ಕನಿಷ್ಠ ಶೇ. 90 ಇರಬೇಕು. ‘ಸ್ಪ್ರೆಡ್’ ಎಂದಷ್ಟೇ ಇದ್ದರೆ ಹಿಂಬದಿಯ ಚೀಟಿ ಓದಿ ಕೊಳ್ಳಿ.

*ಪುಡಿ.* ಕಡಲೆಕಾಯಿಯ ಎಣ್ಣೆ ಹಿಂಡಿ ತೆಗೆದು ಉಳಿದದ್ದನ್ನು ಪುಡಿ ಮಾಡಿರುತ್ತಾರೆ. ನೀರು ಬೆರೆಸಿದರೆ ಬೆಣ್ಣೆಯಂತಾಗುತ್ತದೆ. ಹಗುರ ಎಂದು ಹಲವರು ಇದಕ್ಕೇ ಮನಸೋಲುತ್ತಾರೆ. ಆದರೆ ತೆಗೆದದ್ದು ಎಣ್ಣೆ, ನಮಗೆ ಬೇಕಾಗಿದ್ದೂ ಎಣ್ಣೆ. ರಾತ್ರಿಯ ನೂಡಲ್ಸಿಗೆ ಸಾರು ಮಾಡಲು ಪುಡಿ ಸಾಕು, ಮಧ್ಯಾಹ್ನದ ಹಸಿವಿಗೆ ಸಾಲದು.

ಟ್ಯೂಬಿಗೆ ತುಂಬುವುದಾದರೆ ನುಣ್ಣನೆಯದೇ ಇರಲಿ. ಕಾಳಿನ ಚೂರು ಇರುವುದು ಟ್ಯೂಬಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ.

ಹಂತ 4: ಡಬ್ಬಿ ಯಾವುದು?

ಬೌಂಡರಿ ವಾಟರ್ಸ್ ಒಳಗೆ ತಿನಿಸು ಪಾನೀಯಗಳ ಗಾಜಿನ ಬಾಟಲಿಗೂ ಲೋಹದ ಕ್ಯಾನಿಗೂ ನಿಷೇಧವಿದೆ. ಕೆನಡಾದ ಆಲ್ಗಾಂಕ್ವಿನ್ ಉದ್ಯಾನದ ಒಳಕಾಡಿನಲ್ಲೂ ಇದೇ ನಿಯಮ. ಹಾಗಾಗಿ ಗಾಜಿನ ಜಾಡಿಯಲ್ಲಿ ಬರುವ ದುಬಾರಿ ಪೀನಟ್ ಬಟರ್ ಮನೆಯಲ್ಲೇ ಉಳಿಯಲಿ, ಇಲ್ಲವೇ ಪ್ಲಾಸ್ಟಿಕ್ಕಿಗೆ ಬದಲಾಯಿಸಿ.

ಎಲ್ಲಕ್ಕಿಂತ ಸುಲಭದ್ದು ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಡಬ್ಬಿಯೇ. ಬಾಯಿ ಅಗಲ, ತಿರುಪಿನ ಮುಚ್ಚಳ, ಒಳಗೆ ಕಾಗದದ ಸೀಲು. ಸೀಲು ತೆಗೆಯದೆ ಒಯ್ದರೆ ಸೋರುವ ಮಾತೇ ಇಲ್ಲ. ಒಂದು ದೊಡ್ಡ ಡಬ್ಬಿಗಿಂತ ಮೂರು ಚಿಕ್ಕವು ಲೇಸು: ಮೂರು ಚೀಲಗಳಿಗೆ ಹಂಚಿದರೆ ದೋಣಿ ಮಗುಚಿ ಒಂದು ಚೀಲ ಹೋದರೂ ಊಟ ಪೂರ್ತಿ ಹೋಗುವುದಿಲ್ಲ.

ವಿಮಾನದಲ್ಲಿ ಬರುವವರಿಗೆ ಒಂದು ಮಾತು. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪೀನಟ್ ಬಟರನ್ನು ದ್ರವದ ಲೆಕ್ಕಕ್ಕೆ ಸೇರಿಸುತ್ತಾರೆ. 100 ಮಿಲಿ ಮೀರಿದ್ದು ಕೈಚೀಲದಲ್ಲಿ ದಾಟುವುದಿಲ್ಲ. ಚೆಕ್-ಇನ್ ಸಾಮಾನಿಗೆ ಹಾಕಿ, ಇಲ್ಲವೇ ಇಳಿದ ಮೇಲೆ ಕಾಡಿಗೆ ಹೋಗುವ ದಾರಿಯ ಡುಲೂತ್, ಈಲಿ ಪಟ್ಟಣಗಳಲ್ಲಿ ಕೊಳ್ಳಿ.

ಹಂತ 5: ಟ್ಯೂಬಿಗೆ ತುಂಬುವ ಕ್ರಮ

ಪೋರ್ಟೇಜಿನ ತುದಿಯಲ್ಲಿ, ಸೊಳ್ಳೆಗಳ ನಡುವೆ ನಿಂತೇ ಊಟ ಮುಗಿಸುವ ದಿನಗಳಿಗೆ ಟ್ಯೂಬು ಅನುಕೂಲ. ಇದರ ಹಿಂಭಾಗ ತೆರೆದಿರುತ್ತದೆ, ತುಂಬಿದ ಮೇಲೆ ಮಡಚಿ ಕ್ಲಿಪ್ ಹಾಕಬೇಕು.

1. ಟ್ಯೂಬನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೀನಟ್ ಬಟರಿನಲ್ಲಿ ನೀರಿನಂಶ ತೀರ ಕಡಿಮೆ, ಅದಕ್ಕೇ ಫ್ರಿಜ್ ಇಲ್ಲದೆ ಬಾಳುತ್ತದೆ. ಒಳಗೆ ನೀರು ಸೇರಿದರೆ ಆ ಬಾಳಿಕೆಗೇ ಕುತ್ತು.
2. ಮುಚ್ಚಿದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಡಿ. ಬೆಣ್ಣೆ ಸಡಿಲವಾಗುತ್ತದೆ.
3. ಅದನ್ನು ಜಿಪ್‌ಲಾಕ್ ಕವರಿಗೆ ಹಾಕಿ, ಒಂದು ಮೂಲೆ ಕತ್ತರಿಸಿ, ಮೆಹಂದಿ ಕೋನ್ ಹಿಂಡುವ ಹಾಗೆ ಟ್ಯೂಬಿನೊಳಗೆ ಹಿಂಡಿ. ಚಮಚದಲ್ಲಿ ತುಂಬಲು ಹೋದರೆ ಅರ್ಧ ಅಂಚಿಗೇ ಮೆತ್ತಿಕೊಳ್ಳುತ್ತದೆ.
4. ಮುಕ್ಕಾಲು ಮಾತ್ರ ತುಂಬಿ. ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ಗಾಳಿ ಹೊರಡಿಸಿ.
5. ಹಿಂಬದಿಯ ಅಂಚನ್ನು ಒರೆಸಿ, ಎರಡು ಸಲ ಮಡಚಿ, ಕ್ಲಿಪ್ಪನ್ನು ಈ ತುದಿಯಿಂದ ಆ ತುದಿಯವರೆಗೆ ತಳ್ಳಿ.
6. ಟ್ಯೂಬನ್ನು ತಟ್ಟೆಯಲ್ಲಿಟ್ಟು, ಮೇಲೆ ಒಂದು ಭಾರದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಟ್ಟೆ ಒಣಗಿದ್ದರೆ ಟ್ಯೂಬು ಪಾಸು.

ಐದನೆಯದನ್ನೂ ಆರನೆಯದನ್ನೂ ಬಿಟ್ಟುಬಿಡಬೇಡಿ. ನನ್ನ ಮೊದಲ ಪ್ರಯಾಣದಲ್ಲಿ ಅಂಚು ಒರೆಸದೆ ಕ್ಲಿಪ್ ಹಾಕಿದ್ದೆ. ಎಣ್ಣೆ ಸವರಿದ ಪ್ಲಾಸ್ಟಿಕ್ಕಿನ ಮೇಲೆ ಅದು ಜಾರಿತು. ಎರಡನೆಯ ಪೋರ್ಟೇಜಿನಲ್ಲಿ ಚೀಲ ಇಳಿಸಿ ಅದರ ಮೇಲೇ ಕೂತೆ. ಉಳಿದ ಮೂರು ದಿನ ನಮ್ಮ ನಕ್ಷೆ, ಟಾರ್ಚು, ಬೆಂಕಿಪೊಟ್ಟಣ ಎಲ್ಲಕ್ಕೂ ಒಂದೇ ವಾಸನೆ.

ಹಂತ 6: ಎರಡು ಕವರು, ಒಂದು ಚೀಟಿ

ಪ್ರತಿ ಡಬ್ಬಿ, ಪ್ರತಿ ಟ್ಯೂಬನ್ನೂ ಗಾಳಿ ತೆಗೆದ ಜಿಪ್‌ಲಾಕ್ ಕವರಿಗೆ, ಅದನ್ನು ಇನ್ನೊಂದು ಕವರಿಗೆ ಹಾಕಿ. ಮೇಲೆ ಮಾರ್ಕರಿನಲ್ಲಿ ಅದು ಯಾವ ದಿನಗಳಿಗೆ ಎಂದು ಬರೆಯಿರಿ. ಹೀಗೆ ಬರೆಯದಿದ್ದರೆ ಮೂರನೆಯ ದಿನಕ್ಕೇ ಎಲ್ಲವೂ ಖಾಲಿ. ಆ ದಿನ ತಿನ್ನುವ ಡಬ್ಬಿ ಚೀಲದ ಮೇಲ್ಭಾಗದಲ್ಲಿರಲಿ, ಉಳಿದವು ಬೆನ್ನಿಗೆ ಹತ್ತಿರ, ನಡುಭಾಗದಲ್ಲಿ.

ಹಂತ 7: ಜೊತೆಗೆ ಏನು?

ಬ್ರೆಡ್ಡು ಬೇಡ, ಮೊದಲ ದಿನವೇ ಜಜ್ಜಿಹೋಗುತ್ತದೆ. ಅಲ್ಲಿಯವರು ಒಯ್ಯುವುದು ಟಾರ್ಟಿಯಾ, ನಮ್ಮ ಚಪಾತಿಯ ದೂರದ ನೆಂಟ. ಸಂಜೆ ಪುರುಸೊತ್ತಿದ್ದರೆ ಮೈದಾ, ಬೇಕಿಂಗ್ ಪೌಡರ್, ಉಪ್ಪು, ನೀರು ಕಲಸಿ ಬಾಣಲೆಯಲ್ಲಿ ಬ್ಯಾನಕ್ ಎಂಬ ದಪ್ಪ ರೊಟ್ಟಿ ಸುಡುತ್ತಾರೆ.

ಕನ್ನಡದವರ ಕೈಯಲ್ಲಿ ಇನ್ನೊಂದು ಉಪಾಯವಿದೆ. ಉತ್ತರ ಕರ್ನಾಟಕದ ಕಟಕ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದನ್ನು ಮುರಿಯದಂತೆ ಊಟದ ತಟ್ಟೆಗಳ ನಡುವೆ ಇಟ್ಟು ಕಟ್ಟಿ. ಮೇಲೆ ಪೀನಟ್ ಬಟರ್ ಸವರಿ, ಒಂದು ಚಿಟಿಕೆ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ. ಸಿಹಿ ಬೇಕಾದವರಿಗೆ ಬೆಲ್ಲದ ಪುಡಿ. ಒಲೆ ಹಚ್ಚದೆ ಊಟ ತಯಾರು.

ಹಂತ 8: ದಾರಿಯಲ್ಲಿ ನಡೆಸುವ ರೀತಿ

ಡಬ್ಬಿಗೆ ಒಂದೇ ಚಮಚ, ಅದು ಒಣಗಿರಬೇಕು, ಬಾಯಿಗೆ ಹೋಗಬಾರದು. ಎಂಜಲು ಚಮಚ ಡಬ್ಬಿಗೆ ಇಳಿದರೆ ಒಬ್ಬರ ಹೊಟ್ಟೆನೋವು ನಾಲ್ವರಿಗೂ ಹಂಚಿಕೆಯಾಗುತ್ತದೆ. ಬಿಸಿಲಲ್ಲಿ ದೋಣಿಯ ತಳದಲ್ಲಿ ಬಿದ್ದ ಡಬ್ಬಿಯಲ್ಲಿ ಎಣ್ಣೆ ಸಡಿಲವಾಗುತ್ತದೆ, ಚೀಲದೊಳಗೇ ಇಡಿ. ಸೆಪ್ಟೆಂಬರಿನ ಚಳಿ ಬೆಳಿಗ್ಗೆ ಅದೇ ಬೆಣ್ಣೆ ಕಲ್ಲಾಗಿರುತ್ತದೆ. ಟ್ಯೂಬನ್ನು ಅರ್ಧ ಗಂಟೆ ಜಾಕೆಟ್ಟಿನೊಳಗೆ ಇಟ್ಟುಕೊಂಡರೆ ದಾರಿಗೆ ಬರುತ್ತದೆ.

ಹಂತ 9: ರಾತ್ರಿ ಕರಡಿಯಿಂದ, ಹಗಲು ಅಳಿಲಿನಿಂದ

ಇದು ಕಪ್ಪು ಕರಡಿಗಳ ಕಾಡು. ಕಡಲೆಕಾಯಿ ಎಣ್ಣೆಯ ವಾಸನೆ ಅವಕ್ಕೆ ಬಹು ದೂರದಿಂದ ತಿಳಿಯುತ್ತದೆ. ತಿನಿಸು, ಖಾಲಿ ಡಬ್ಬಿ, ಚಮಚ ಯಾವುದೂ ಟೆಂಟಿನೊಳಗೆ ಇರಕೂಡದು. ಪ್ರಮಾಣಪತ್ರವಿರುವ ಕರಡಿ ನಿರೋಧಕ ಡಬ್ಬಿಯಲ್ಲಿ ಹಾಕಿಡಿ, ಇಲ್ಲವೇ ನೆಲದಿಂದ 12 ಅಡಿ ಮೇಲೆ, ಮರದ ಕಾಂಡದಿಂದ 6 ಅಡಿ ಆಚೆಗೆ ಹಗ್ಗದಲ್ಲಿ ತೂಗಿಹಾಕಿ. ಅಂಥ ಕೊಂಬೆ ಹುಡುಕುವ ಕೆಲಸ ಬೆಳಕಿದ್ದಾಗಲೇ ಮುಗಿಯಲಿ. ಅರಣ್ಯ ಇಲಾಖೆಯ ಆ ವರ್ಷದ ನಿಯಮವನ್ನು ಪರವಾನಗಿ ಪಡೆಯುವಾಗ ಓದಿಕೊಳ್ಳಿ.

ಕರಡಿ ಬರದೇ ಇರಬಹುದು, ಅಳಿಲು ಮತ್ತು ಅದರ ನೆಂಟ ಚಿಪ್‌ಮಂಕ್ ಬಂದೇ ಬರುತ್ತವೆ. ನೀವು ಈಜಲು ಹೋದ ಹೊತ್ತಿಗೆ ಚೀಲ ಕಡಿದು ತೂತು ಮಾಡುತ್ತವೆ. ಹಗಲಲ್ಲೂ ತಿನಿಸಿನ ಚೀಲವನ್ನು ತೆರೆದಿಟ್ಟು ಹೋಗಬೇಡಿ.

ಹಂತ 10: ಖಾಲಿ ಮಾಡಿ, ಹೊರಗೆ ತನ್ನಿ

ಡಬ್ಬಿಯನ್ನು ಸರೋವರದಲ್ಲಿ ತೊಳೆಯಬೇಡಿ. ತಣ್ಣೀರಿಗೆ ಎಣ್ಣೆ ಬಿಡುವುದೂ ಇಲ್ಲ, ನೀರಿನ ಮೇಲೆ ಪದರ ಕಟ್ಟುವುದೂ ತಪ್ಪುವುದಿಲ್ಲ. ಮೊದಲು ರೊಟ್ಟಿಯ ಚೂರಿನಿಂದ ಒಳಗೆಲ್ಲ ಒರೆಸಿ ತಿನ್ನಿ. ಆಮೇಲೆ ಬಿಸಿನೀರು ಹಾಕಿ, ಮುಚ್ಚಿ, ಅಲ್ಲಾಡಿಸಿ, ಆ ನೀರನ್ನು ಬೆಳಗಿನ ಓಟ್ಸಿಗೋ ನೂಡಲ್ಸಿಗೋ ಸುರಿಯಿರಿ. ಕುದಿಯುವ ನೀರು ಬೇಡ, ತೆಳು ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಸೋಪು ಹಚ್ಚಿಯೇ ತೊಳೆಯಬೇಕೆಂದರೆ ನೀರಿನ ಅಂಚಿನಿಂದ 200 ಅಡಿ, ಎಂದರೆ ಸುಮಾರು ಎಂಬತ್ತು ಹೆಜ್ಜೆ, ಒಳಕ್ಕೆ ಹೋಗಿ. ಪ್ಲಾಸ್ಟಿಕ್ಕನ್ನು ಬೆಂಕಿಗೆ ಹಾಕಬೇಡಿ.

ಮುಚ್ಚಳ ಬಿಗಿದ ಖಾಲಿ ಡಬ್ಬಿ ಕಸದ ಚೀಲಕ್ಕೆ ಹೋಗಲಿ. ಅದೂ ರಾತ್ರಿ ತಿನಿಸಿನ ಜೊತೆಗೇ ಮರಕ್ಕೋ ಕರಡಿ ನಿರೋಧಕ ಡಬ್ಬಿಗೋ ಹೋಗಬೇಕು. ಕೊನೆಯ ದಿನ ಕಾರಿನ ಹತ್ತಿರ ಚೀಲ ಬಿಚ್ಚಿದಾಗ ಎಣಿಸಿ. ಮೂರು ಡಬ್ಬಿ ಒಳಗೆ ಹೋಗಿದ್ದವು, ಮೂರು ಹೊರಗೆ ಬಂದಿರಬೇಕು.