ಟಿವಿ ಪಕ್ಕ ಒಂದು ಡಿಸ್ಕೋ, ಮನೆಗೆಲ್ಲ ಒಂದು ಪೆಟ್ಟಿಗೆಯೋ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳಿವೆ. ಇಪ್ಪತ್ತು ವರ್ಷಗಳಿಂದ ನಾನೇ ಹ್ಯಾಂಡಿಕ್ಯಾಮಿನಲ್ಲಿ ಹಿಡಿದ ಯಕ್ಷಗಾನ, ಮಕ್ಕಳ ಮದುವೆ, ಹಳೆಯ ಸಿನಿಮಾ, ಫೋಟೊ ಎಲ್ಲ ಅವುಗಳಲ್ಲಿ ಹಂಚಿಹೋಗಿವೆ. ಯಾವುದು ಎಲ್ಲಿದೆಯೆಂದು ನನಗೇ ತಿಳಿಯುವುದಿಲ್ಲ. ಅಟ್ಟದ ಮೇಲೆ ಇನ್ನೂ ಒಂದಷ್ಟು ಕ್ಯಾಸೆಟ್‌ಗಳಿವೆ. ಬೆಂಗಳೂರಿನಲ್ಲಿರುವ ಮಗ, ‘ಅಪ್ಪಯ್ಯ, ನಾಸ್ ತಗಂಡ್ಬಿಡಿ, ಎಲ್ಲ ಒಂದೇ ಕಡೆ ಇರತ್ತೆ, ನಾನೂ ಇಲ್ಲಿಂದಲೇ ನೋಡಬಹುದು’ ಅನ್ನುತ್ತಾನೆ. ಅಂಗಡಿಯವರು, ‘5 ಟಿಬಿಯ ಇನ್ನೊಂದು ಡಿಸ್ಕ್ ಸಾಕು’ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಒಬ್ಬ ಓದುಗರು, ಸಾಗರ

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ. ಮಗ ಹೇಳಿದ್ದು ನೋಡುವ ಅನುಕೂಲದ ಮಾತು, ಅಂಗಡಿಯವರು ಹೇಳಿದ್ದು ಜಾಗದ ಮಾತು. ನಿಮ್ಮ ಪತ್ರ ಓದಿ ನನಗೆ ದಿಗಿಲಾದದ್ದು ಇವೆರಡಕ್ಕೂ ಅಲ್ಲ. ಆ ಮೂರು ಡಿಸ್ಕ್‌ಗಳಲ್ಲಿ ಇರುವುದಕ್ಕೆ ಬೇರೆಲ್ಲೂ ಇನ್ನೊಂದು ಪ್ರತಿ ಇದ್ದಂತಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಈ ವರ್ಷ ಎರಡು ಸಾದಾ ಡಿಸ್ಕ್ ಕೊಳ್ಳಿ. ನಾಸ್ ಓಡಿಹೋಗುವುದಿಲ್ಲ, ಅದರ ಯೋಚನೆ ಆಮೇಲೆ.

ನಾಸ್ ಅಂದರೆ ಡಿಸ್ಕ್ ಅಲ್ಲ, ಒಂದು ಪುಟ್ಟ ಕಂಪ್ಯೂಟರು. ಹೊಟ್ಟೆಯಲ್ಲಿ ಎರಡೋ ನಾಲ್ಕೋ ಡಿಸ್ಕ್ ಇಟ್ಟುಕೊಂಡು, ರೂಟರಿಗೆ ಕೇಬಲ್ ಹಾಕಿಸಿಕೊಂಡು, ಹಗಲೂ ರಾತ್ರಿ ಎಚ್ಚರವಾಗಿರುತ್ತದೆ. ಮನೆಯ ಟಿವಿ, ಮೊಬೈಲು, ಲ್ಯಾಪ್‌ಟಾಪು ಯಾವುದು ಕೇಳಿದರೂ ಫೈಲು ಕೊಡುತ್ತದೆ. ಬೆಲೆ ನೋಡುವಾಗ ಒಂದು ನೆನಪಿಡಿ. ಸಿನಾಲಜಿ, ಕ್ಯೂನ್ಯಾಪ್‌ನಂಥ ಕಂಪನಿಗಳ ಪೆಟ್ಟಿಗೆಗಳನ್ನು ಹೆಚ್ಚಾಗಿ ಖಾಲಿಯಾಗಿಯೇ ಮಾರುತ್ತಾರೆ. ಒಳಗಿನ ಡಿಸ್ಕ್‌ಗಳ ದುಡ್ಡು ಬೇರೆ.

ಇದರ ಸುಖ ದೊಡ್ಡದೇ. ಟಿವಿಗೆ ನೇರ ಡಿಸ್ಕ್ ಚುಚ್ಚಿದವರಿಗೆಲ್ಲ ಗೊತ್ತಿರುವ ಗೋಳು: ಚಿತ್ರ ಬರುತ್ತದೆ, ಸದ್ದು ಬರುವುದಿಲ್ಲ. ಡಿಟಿಎಸ್ ಎಂಬ ಧ್ವನಿಯ ಮಾದರಿ ಎಷ್ಟೋ ಟಿವಿಗಳಿಗೆ ಅರ್ಥವಾಗುವುದಿಲ್ಲ. ನಾಸ್‌ನಲ್ಲಿ ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶ ಹಾಕಿಟ್ಟರೆ ಟಿವಿಗೆ ತಿಳಿಯುವ ರೂಪಕ್ಕೆ ಅದೇ ಬದಲಿಸಿ ಕೊಡುತ್ತದೆ. ಅರ್ಧ ನೋಡಿ ಬಿಟ್ಟ ಪ್ರಸಂಗವನ್ನು ಮಾರನೆಯ ದಿನ ಬಿಟ್ಟಲ್ಲಿಂದಲೇ ಶುರುಮಾಡುತ್ತದೆ. ವೇಗದ ಬಗ್ಗೆ ಅಂಗಡಿಯಲ್ಲಿ ಬಹಳ ಮಾತಾಡುತ್ತಾರೆ, ಅಷ್ಟು ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಹ್ಯಾಂಡಿಕ್ಯಾಮು ಮಿನಿ-ಡಿವಿ ಟೇಪಿನದ್ದಾದರೆ ಅದರ ಚಿತ್ರ ಕೇಳುವುದು ಸೆಕೆಂಡಿಗೆ 25 ಮೆಗಾಬಿಟ್ ಮಾತ್ರ. ತಡೆಯಾಗುವುದು ಪೆಟ್ಟಿಗೆಯಿಂದಲ್ಲ, ಗೋಡೆಯಿಂದ. ನಿಮ್ಮದು ಹಳೆಯ ಜಂಬಿಟ್ಟಿಗೆ ಗೋಡೆಯ ಮನೆಯಾಗಿದ್ದು, ರೂಟರು ಜಗುಲಿಯಲ್ಲೂ ಟಿವಿ ನಡುಮನೆಯಲ್ಲೂ ಇದ್ದರೆ ವೈಫೈ ಅಲ್ಲಿಗೆ ತಲುಪುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತದೆ. ನಾಸ್ ತಂದವರು ಕೊನೆಗೆ ಕೇಬಲ್ ಎಳೆಸುವ ಕೆಲಸಕ್ಕೂ ಇಳಿಯಬೇಕಾಗುತ್ತದೆ.

ನಿಮ್ಮ ಊರಿನಲ್ಲಿ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಕರೆಂಟು. ಎರಡು ಡಿಸ್ಕಿನ ಪೆಟ್ಟಿಗೆ ಸುಮಾರು 15 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಇಪ್ಪತ್ತನಾಲ್ಕು ಗಂಟೆಯೂ ಓಡಿದರೆ ತಿಂಗಳಿಗೆ 11 ಯೂನಿಟ್. ದುಡ್ಡಿನಲ್ಲಿ ಅದು ದೊಡ್ಡದಲ್ಲ, ಆದರೆ ಗೃಹಜ್ಯೋತಿಯ ಸರಾಸರಿಯ ಅಂಚಿನಲ್ಲೇ ಪ್ರತಿ ತಿಂಗಳೂ ದಾಟುವ ಮನೆಯಾದರೆ ಅಷ್ಟೇ ಯೂನಿಟ್ಟು ಲೆಕ್ಕ ತಪ್ಪಿಸೀತು. ಬಿಲ್ಲಿಗಿಂತ ಕಷ್ಟದ್ದು ಕರೆಂಟು ಹೋಗುವ ರೀತಿ. ಫೈಲು ಬರೆಯುತ್ತಿರುವಾಗ ಪಟ್ಟನೆ ಹೋದರೆ ಫೈಲುಗಳ ಜಮಾಖರ್ಚೇ ಏರುಪೇರಾಗಬಹುದು. ಹಾಗಾಗಿ ಪೆಟ್ಟಿಗೆಗೊಂದು ಯುಪಿಎಸ್, ಅದರಿಂದ ಪೆಟ್ಟಿಗೆಗೆ ಯುಎಸ್‌ಬಿ ತಂತಿ, ಬ್ಯಾಟರಿ ಇಳಿದಾಗ ತಾನೇ ಮುಚ್ಚಿಕೊಳ್ಳುವ ಏರ್ಪಾಡು ಇವೆಲ್ಲ ಬೇಕು. ಇನ್ನು ಏಪ್ರಿಲ್-ಮೇ ತಿಂಗಳ ಗುಡುಗು. ಸಂಜೆ ಮೋಡ ಕಟ್ಟಿದ ಕೂಡಲೇ ಟಿವಿ, ರೂಟರು ಎಲ್ಲದರ ಪ್ಲಗ್ ಕಿತ್ತಿಡುವುದು ಮಲೆನಾಡಿನ ಮನೆಗಳ ರೂಢಿ, ಒಳ್ಳೆಯ ರೂಢಿ. ಸದಾ ಎಚ್ಚರವಾಗಿರಲೆಂದೇ ತಂದ ಪೆಟ್ಟಿಗೆಯನ್ನು ದಿನಾ ಸಂಜೆ ಯಾರು ಮಲಗಿಸಿ, ಬೆಳಿಗ್ಗೆ ಯಾರು ಎಬ್ಬಿಸಬೇಕು? ಡಿಸ್ಕಾದರೆ ಕಿತ್ತು ಕಪಾಟಿನಲ್ಲಿಟ್ಟರೆ ಆಯಿತು, ಸಿಡಿಲಿಗೂ ಅದಕ್ಕೂ ಸಂಬಂಧವಿಲ್ಲ.

ಮಗ ಬಹುಶಃ ಇನ್ನೊಂದು ಮಾತೂ ಹೇಳಿರುತ್ತಾನೆ: ‘ಅದರಲ್ಲಿ ರೇಡ್ ಇರತ್ತೆ, ಒಂದು ಡಿಸ್ಕ್ ಹೋದರೂ ಇನ್ನೊಂದರಲ್ಲಿ ಉಳಿಯತ್ತೆ.’ ನಿಜ. ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ರೇಡ್ ಎಂಬ ಹೆಸರಿಟ್ಟು ಪ್ರಬಂಧ ಪ್ರಕಟಿಸಿದಾಗ, ಅಗ್ಗದ ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಒಂದು ದುಬಾರಿ ಡಿಸ್ಕಿನ ಕೆಲಸ ಮಾಡಿಸುವುದು ಅವರ ಉದ್ದೇಶವಾಗಿತ್ತು. ಒಂದು ಕೆಟ್ಟರೂ ಕೆಲಸ ನಿಲ್ಲಬಾರದು, ಅಷ್ಟೇ. ಮೊಮ್ಮಗ ರಿಮೋಟು ಒತ್ತಿ ಮದುವೆಯ ಫೋಲ್ಡರ್ ಅಳಿಸಿದರೆ ಅದೇ ಕ್ಷಣದಲ್ಲಿ ಎರಡೂ ಡಿಸ್ಕಿನಲ್ಲಿ ಅಳಿಯುತ್ತದೆ. ಕನ್ನಡಿಯಲ್ಲಿ ಕಾಣುವುದನ್ನು ಎರಡನೆಯ ಮನುಷ್ಯ ಅನ್ನುವುದಿಲ್ಲವಲ್ಲ, ಹಾಗೆ.

ಬೆಂಗಳೂರಿನಿಂದ ನೋಡುವ ಆಸೆಯ ಬಗ್ಗೆ ಮಗನಿಗೆ ಈ ಸಾಲುಗಳನ್ನು ಓದಿ ಹೇಳಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳೊಳಗೆ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೇಳಿತು. ಅದಕ್ಕೂ ಮುಂಚೆ, 2021ರ ಜೂನ್‌ನಲ್ಲಿ, ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಹಳೆಯ ಪೆಟ್ಟಿಗೆಗಳನ್ನು ಯಾರೋ ದೂರದಿಂದಲೇ ಅಳಿಸಿ ಖಾಲಿಮಾಡಿದರು. ಅವಕ್ಕೆ ಕಂಪನಿಯ ಅಪ್‌ಡೇಟ್ 2015ಕ್ಕೇ ನಿಂತಿತ್ತು. ರೂಟರಿನಲ್ಲಿ ಬಾಗಿಲು ತೆರೆದಿಟ್ಟು ಹೊರಗಿನಿಂದ ನೋಡುವ ದಾರಿ ಬೇಡ. ನೋಡಲೇಬೇಕೆಂದರೆ ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗದ ಏರ್ಪಾಡು ಮಾಡಿಕೊಳ್ಳಲಿ, ತಿಂಗಳಿಗೊಮ್ಮೆ ಪೆಟ್ಟಿಗೆಯ ಅಪ್‌ಡೇಟ್ ಮಾಡುವ ಜವಾಬ್ದಾರಿಯನ್ನೂ ಹೊರಲಿ. ಪೆಟ್ಟಿಗೆ ತರುವುದು ಸುಲಭ, ಅದಕ್ಕೊಬ್ಬ ಮೇಟಿ ಬೇಕು.

ಹಾಗಂತ ಡಿಸ್ಕ್ ಸಾಧುಪ್ರಾಣಿ ಅಂದುಕೊಳ್ಳಬೇಡಿ. ನನ್ನದೇ ಒಂದು ಡಿಸ್ಕು ಟಿವಿ ಸ್ಟ್ಯಾಂಡಿನ ಮೇಲೆ ತಿರುಗುತ್ತಿದ್ದಾಗ ಕೇಬಲ್ಲಿಗೆ ಕಾಲು ತಾಗಿ ಬಿತ್ತು. ಬಿದ್ದದ್ದು ಒಂದೂವರೆ ಅಡಿ. ಆಮೇಲೆ ಅದು ಟಕ್ ಟಕ್ ಅನ್ನುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಡೇಟಾ ತೆಗೆದುಕೊಡುವವರು ಹೇಳಿದ ಮೊತ್ತದಲ್ಲಿ ಅಂಥ ನಾಲ್ಕು ಹೊಸ ಡಿಸ್ಕ್ ಬರುತ್ತಿತ್ತು. ಜೇಬಿನಷ್ಟಗಲದ ಎಷ್ಟೋ ಡಿಸ್ಕ್‌ಗಳಲ್ಲಿ ಯುಎಸ್‌ಬಿ ತೂತು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ. ತೂತು ಸಡಿಲವಾದರೆ ಒಳಗಿನದನ್ನು ಬಿಚ್ಚಿ ಬೇರೆ ಡಬ್ಬಿಗೆ ಹಾಕಿಕೊಳ್ಳೋಣ ಅಂದರೂ ಆಗದು. ತಣ್ಣನೆಯ ಕೋಣೆಯಲ್ಲಿ ಅಲುಗಾಡದೆ ಓಡುವ ಡಿಸ್ಕ್‌ಗಳೇ ಸಾಯುತ್ತವೆ. ಲಕ್ಷಗಟ್ಟಲೆ ಡಿಸ್ಕ್ ಇಟ್ಟುಕೊಂಡಿರುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ ತನ್ನಲ್ಲಿ ಕೆಟ್ಟವುಗಳ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ. 2023ರಲ್ಲಿ ಅದು ನೂರಕ್ಕೆ 1.7. ನಮ್ಮ ಮನೆಗಳಲ್ಲಿ ಬೀಳುವುದು, ಬಿಸಿಯಾಗುವುದು, ತೇವ ಎಲ್ಲವೂ ಸೇರಿಕೊಳ್ಳುತ್ತವೆ.

ಈಗ ಮಾಡಬೇಕಾದ್ದು. ನಿಮ್ಮ ಮೂರೂ ಡಿಸ್ಕಿನ ಸಾಮಾನು ಹಿಡಿಸಿ, ಮೇಲೆ ಅಷ್ಟೇ ಜಾಗ ಉಳಿಯುವಂಥ ಎರಡು ಡಿಸ್ಕ್ ತನ್ನಿ. ಎರಡೂ ಬೇರೆ ಬೇರೆ ಕಂಪನಿಯದ್ದಿರಲಿ, ಒಂದೇ ಕಂತಿನಲ್ಲಿ ತಯಾರಾದವು ಒಟ್ಟಿಗೇ ಕೆಡುವ ಅಪಾಯ ತಪ್ಪುತ್ತದೆ. ಮಿನಿ-ಡಿವಿಯಿಂದ ಹಾಗೇ ಇಳಿಸಿಕೊಂಡದ್ದು ಗಂಟೆಗೆ ಸುಮಾರು 13 ಜಿಬಿ. ಎಂಟು ಗಂಟೆಯ ಒಂದು ಬೆಳಗಿನವರೆಗಿನ ಆಟಕ್ಕೆ 100 ಜಿಬಿ ದಾಟುತ್ತದೆ, ಅಂದರೆ ಅಂಗಡಿಯವರ 5 ಟಿಬಿಯಲ್ಲಿ ನಲವತ್ತೆಂಟು ರಾತ್ರಿ. ಆ 5 ಟಿಬಿ ನಿಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ನಾಲ್ಕೂವರೆಯಷ್ಟೇ ತೋರಿಸಿದರೆ ಅಂಗಡಿಗೆ ಜಗಳಕ್ಕೆ ಹೋಗಬೇಡಿ, ಇಬ್ಬರೂ ಎಣಿಸುವ ಕ್ರಮ ಬೇರೆ ಅಷ್ಟೇ. ಡಿಸ್ಕನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಬೇಡಿ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ, ನಿಮ್ಮ ಒಂದು ಕ್ಯಾಸೆಟ್ಟೇ ಅದರ ಮೂರು ಪಟ್ಟು. ಎಸ್‌ಎಸ್‌ಡಿ ಚೆನ್ನಾಗಿ ಓಡುತ್ತದೆ ನಿಜ, ಆದರೆ ವರ್ಷಗಟ್ಟಲೆ ಕರೆಂಟು ಕಾಣದೆ ಕಪಾಟಿನಲ್ಲಿ ಕೂರಲು ಹುಟ್ಟಿದ್ದಲ್ಲ.

ಸಾಮಾನು ಜೋಡಿಸುವುದಕ್ಕೆ ಒಂದು ಮಳೆಗಾಲ ಬೇಕಾಗುತ್ತದೆ. ವರ್ಷ, ತಿಂಗಳು, ಊರು, ಪ್ರಸಂಗ ಎಂದು ಫೋಲ್ಡರಿನ ಹೆಸರಿಡಿ, ವರ್ಷ ಮೊದಲಿರಲಿ. ಭಾಗವತರು ಯಾರು, ಮುಮ್ಮೇಳದಲ್ಲಿ ಯಾರಿದ್ದರು ಎಂಬುದನ್ನು ಅದೇ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲಿನಲ್ಲಿ ಬರೆದಿಡಿ. ಅದು ಈಗ ನಿಮ್ಮ ತಲೆಯಲ್ಲಿ ಮಾತ್ರ ಇದೆ. ಎರಡೂ ಡಿಸ್ಕಿನಲ್ಲಿ ಅದೇ ಸಾಮಾನಿರಲಿ, ಒಂದು ಟಿವಿಯ ಹಿಂದೆ, ಇನ್ನೊಂದು ಮಗನ ಮನೆಯಲ್ಲಿ. ದೀಪಾವಳಿಗೆ ಬರುವಾಗ ಅವನು ಹೊತ್ತು ತರಲಿ, ಹೊಸದನ್ನು ತುಂಬಿಸಿ ಹಿಂದಕ್ಕೆ ಒಯ್ಯಲಿ. ಬೆಂಗಳೂರಿನಿಂದ ನೋಡುವ ಅವನ ಆಸೆಯೂ ಅರ್ಧ ತೀರುತ್ತದೆ. ಹಳೆಯ ಮೂರನ್ನು ಒರೆಸಿ ಮಾರಬೇಡಿ, ಕಪಾಟಿನಲ್ಲಿರಲಿ.

ಹಾಗಾದರೆ ನಾಸ್ ಯಾವಾಗ? ಮನೆಯಲ್ಲಿ ಒಂದೇ ಹೊತ್ತಿಗೆ ಮೂರು ಕಡೆ ನೋಡುವವರಿದ್ದರೆ, ಎಲ್ಲರ ಮೊಬೈಲಿನ ಫೋಟೊ ರಾತ್ರಿ ತಾನಾಗಿ ಬಂದು ಬೀಳಬೇಕೆಂದಿದ್ದರೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಅಳತೆಯಿಲ್ಲದ ಉಚಿತ ಜಾಗ ನಿಂತ ಮೇಲೆ ಎಷ್ಟೋ ಮನೆಗಳು ನಾಸ್ ಕಡೆಗೆ ತಿರುಗಿದ್ದು ಈ ಕಾರಣಕ್ಕೇ. ನಾಳೆ ಮಗ ಊರಿಗೇ ಬಂದು ಮನೆಯಿಂದ ಕೆಲಸ ಶುರುಮಾಡಿದರೆ ಖಂಡಿತ ತನ್ನಿ. ಆಗಲೂ ಆ ಎರಡು ಡಿಸ್ಕ್ ವ್ಯರ್ಥವಲ್ಲ, ಪೆಟ್ಟಿಗೆಯ ನಕಲು ಅವುಗಳಲ್ಲೇ ಇರಬೇಕು.

ಅಟ್ಟದ ಕ್ಯಾಸೆಟ್ಟುಗಳ ಮಾತು ನೀವು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಡಿಸ್ಕಿಗೂ ನಾಸ್‌ಗೂ ಮೊದಲು ಅವನ್ನು ಕೆಳಗಿಳಿಸಿ. ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬೆಳ್ಳನೆಯ ಬೂಷ್ಟು ಹಿಡಿದಿರುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಬೂಷ್ಟು ಇದ್ದದ್ದನ್ನು ಬೇರೆ ಇಡಿ, ಅಪ್ಪಿತಪ್ಪಿಯೂ ಒಳ್ಳೆಯ ಸ್ಥಿತಿಯಲ್ಲಿರುವ ವಿಸಿಆರ್‌ಗೋ ಹ್ಯಾಂಡಿಕ್ಯಾಮಿಗೋ ಹಾಕಬೇಡಿ. ಅದು ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಕ್ಯಾಸೆಟ್ಟಿಗೂ ಅಂಟುತ್ತದೆ. ಶುದ್ಧವಾಗಿರುವುದನ್ನು ಮೊದಲು ಇಳಿಸಿಕೊಳ್ಳಿ, ಬೂಷ್ಟಿನದ್ದನ್ನು ಶುಚಿಮಾಡಿ ಇಳಿಸಿಕೊಡುವವರ ಕೈಗೆ ಕೊಡಿ. ಟೇಪು ಓಡಿಸುವ ಯಂತ್ರಗಳನ್ನು ಈಗ ಯಾರೂ ಹೊಸದಾಗಿ ಮಾಡುತ್ತಿಲ್ಲ. ನಿಮ್ಮ ಹಳೆಯ ಹ್ಯಾಂಡಿಕ್ಯಾಮು ಇನ್ನೂ ಓಡುತ್ತಿದ್ದರೆ ಅದನ್ನೂ ಜೋಪಾನ ಮಾಡಿ.