ದುಃಖ ಬಂದಾಗ: ರಾಯಚೂರು ಸೀಮೆಗೆ ಏಳು ಸೂತ್ರ

ಹತ್ತಿಯ ದರ ಬಿದ್ದಾಗ, ಬಯಸಿದ ಸೀಟು ತಪ್ಪಿದಾಗ, ಮನೆಯ ಹಿರಿಯರು ತೀರಿದಾಗ ಯಾರಿಗಾದರೂ ದುಃಖವಾಗುತ್ತದೆ. ಅದನ್ನು ಒಂದೇ ದಿನದಲ್ಲಿ ಓಡಿಸುವ ಮಂತ್ರ ಮಾರುವವರನ್ನು ನಾನಂತೂ ನಂಬುವುದಿಲ್ಲ. ದುಃಖ ಇದೆ ಎಂದು ಒಪ್ಪಿಕೊಂಡು, ಅದರ ಜೊತೆಗೇ ದಿನ ದೂಡುವ ದಾರಿಗಳು ಇಲ್ಲಿವೆ.

1. ಇದ್ದದ್ದನ್ನು ಇದ್ದ ಹಾಗೆ ಹೇಳಿ. "ಮೈಯಾಗ ಆರಾಮಿಲ್ಲ" ಎಂದು ಸಲಾಯಿನ್ ಹಚ್ಚಿಸಿಕೊಂಡು ಬರುವವರು ನಮ್ಮಲ್ಲಿ ಬಹಳ. ತಲೆಭಾರ, ಎದೆಬಿಗಿತ, ನಿದ್ದೆಗೇಡು ಸುಳ್ಳಲ್ಲ. ಮನಸ್ಸಿನ ನೋವು ಮೈಯಲ್ಲೂ ಕಾಣಿಸಿಕೊಳ್ಳುತ್ತದೆ. ಆದರೆ ಆ ಬಾಟ್ಲಿಯಲ್ಲಿರುವುದು ಹೆಚ್ಚಾಗಿ ಉಪ್ಪು, ಸಕ್ಕರೆಯ ನೀರು. ವೈದ್ಯರ ಮುಂದೆ ಕೂತಾಗ "ಅವ್ವ ಹೋದಾಗಿಂದ ಮನಸ್ಸು ಸರಿಯಿಲ್ಲ" ಎಂಬ ಮಾತನ್ನೂ ಸೇರಿಸಿ.

2. ಅಳು ಬಂದರೆ ಅಳಿ. ಸಾವಿನ ಮನೆಯಲ್ಲಿ ಹೆಂಗಸರು ಹೋದವರ ಗುಣ ಹಾಡ್ಯಾಡಿ ಅಳುತ್ತಾರೆ. ಗಂಡಸರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ಕಲ್ಲಿನಂತೆ ಕೂರುತ್ತಾರೆ. "ಗಂಡಸಾಗಿ ಅಳ್ತೀಯೇನಲೇ" ಎನ್ನುವ ಮಾತು ಬೇರೆ. ಇದೇ ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿ: ಹಸನ್, ಹುಸೇನರ ಸಾವಿನ ಕಥೆಯನ್ನು ರಿವಾಯತ್ ಪದ ಕಟ್ಟಿ ಕನ್ನಡದಲ್ಲಿ ಹಾಡುವವರು ಗಂಡಸರೇ, ಹಿಂದೂ, ಮುಸ್ಲಿಂ ಎನ್ನದೆ ಕೂಡಿ ಹಾಡುತ್ತಾರೆ. ಕರ್ಬಲಾದಲ್ಲಿ 680ರಲ್ಲಿ ಆದ ಹುಸೇನರ ಸಾವಿಗೆ ಊರ ನಡುವೆ ದನಿಯೆತ್ತಿ ಶೋಕಿಸುವವನು, ಹೋದ ತಿಂಗಳು ತೀರಿದ ತನ್ನ ಅಪ್ಪನಿಗೆ ಎರಡು ಹನಿ ಕಣ್ಣೀರು ಹಾಕಲು ನಾಚಿದರೆ ಹೇಗೆ?

3. ಒಬ್ಬರನ್ನಾದರೂ ಹಿಡಿಯಿರಿ. ಊರಿಗೆಲ್ಲ ಹೇಳುವುದು ಬೇಡ. ಬುದ್ಧಿ ಹೇಳುವವರ ಗೊಡವೆಯೂ ಬೇಡ, ಕೇಳಿಸಿಕೊಳ್ಳುವವರು ಸಾಕು. ದೇವದುರ್ಗದ ಕಡೆಯಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಇರುವವರಿಗೆ ಇದು ಕಷ್ಟದ ಮಾತೇ. ಫೋನಿನಲ್ಲಿ ಅತ್ತ ಮುದಿ ತಾಯಿ "ಆರಾಮದೀನಪ್ಪ" ಎನ್ನುತ್ತಾಳೆ, ಇತ್ತ ಮಗನೂ ಅದನ್ನೇ ಹೇಳುತ್ತಾನೆ, ಇಬ್ಬರೂ ಆರಾಮಿರುವುದಿಲ್ಲ. ವಾರಕ್ಕೊಮ್ಮೆಯಾದರೂ ನಿಜ ಮಾತಾಡಿ.

4. ಮಾತು ಬಾರದಿದ್ದರೆ ಬರೆಯಿರಿ. ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆ ಸಾಕು. ಬರೆದು ಹರಿದು ಹಾಕಿದರೂ ನಡೆಯುತ್ತದೆ.

5. ಸಣ್ಣ ಕೆಲಸ ಬಿಡಬೇಡಿ. ಮುಖ ತೊಳೆಯುವುದು, ಹೊತ್ತಿಗೆ ಎರಡು ರೊಟ್ಟಿ ತಿನ್ನುವುದು, ಬಿಸಿಲೇರುವ ಮುಂಚೆ ರಾಯಚೂರಿನವರು ಮಾವಿನಕೆರೆಯ ಕಡೆಗೋ ಮಾನ್ವಿಯವರು ಕಾಲುವೆಯ ದಂಡೆಗೋ ನಡೆದು ಬರುವುದು. ಮನಸ್ಸಾದ ಮೇಲೆ ಮಾಡೋಣ ಎಂದು ಕೂತರೆ ಆ ಮನಸ್ಸು ಬರುವುದೇ ಇಲ್ಲ.

6. ಮನೆಯಲ್ಲಿ ಎರಡು ವಸ್ತು ಇಡಬೇಡಿ. ಒಂದು, ದುಃಖ ಮರೆಯಲು ತಂದ ಕ್ವಾರ್ಟರ್. ಕುಡಿತದ ನಿದ್ದೆ ನಡುರಾತ್ರಿಯೇ ಮುರಿಯುತ್ತದೆ, ಬೆಳಿಗ್ಗೆ ಮನಸ್ಸು ಇನ್ನಷ್ಟು ಕುಗ್ಗಿರುತ್ತದೆ. ಇನ್ನೊಂದು, ಹತ್ತಿಗೆ, ಭತ್ತಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ. ಬೇಕಾದಷ್ಟೇ ತನ್ನಿ, ಹೊಡೆದು ಮುಗಿಸಿ. ಮನಸ್ಸು ಕೆಟ್ಟವರು ಮನೆಯಲ್ಲಿದ್ದರೆ ಇದು ಇನ್ನೂ ಮುಖ್ಯ. ಶ್ರೀಲಂಕಾದಲ್ಲಿ ಹೆಚ್ಚು ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ತೀರಾ ಇಳಿದವು. ಆ ಕೆಟ್ಟ ಗಳಿಗೆಯಲ್ಲಿ ಕೈಗೆ ವಿಷ ಸಿಗದಿದ್ದರೆ ಬಹಳ ಜನ ಬದುಕುತ್ತಾರೆ.

7. ಎರಡು ವಾರ ನೋಡಿ, ಆಮೇಲೆ ಆಸ್ಪತ್ರೆಗೆ ಹೋಗಿ. ದಿನವೂ ಮನಸ್ಸು ಕುಗ್ಗಿಯೇ ಇದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ, ಊಟ, ಕೆಲಸ ಕೆಟ್ಟು ಎರಡು ವಾರ ಕಳೆದರೆ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಖಿನ್ನತೆಗೆ ಔಷಧಿ ಇದೆ, ಆಪ್ತಸಮಾಲೋಚನೆ ಇದೆ. ಬೆಂಗಳೂರಿಗೇ ಓಡಬೇಕಿಲ್ಲ: ಹಳ್ಳಿಯ ಮಟ್ಟದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ರಾಯಚೂರಿನಲ್ಲಿ ರಿಮ್ಸ್ ಆಸ್ಪತ್ರೆ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ, ಜೊತೆಗೆ ಮನೆಯವರನ್ನೊಬ್ಬರನ್ನು ಕರೆದುಕೊಂಡು ಹೋಗಿ.

ಸಾಯುವ ಯೋಚನೆ ಬಂದರೆ ಮಾತ್ರ ಎರಡು ವಾರ ಕಾಯಬೇಡಿ, ಮಂಗಳವಾರಕ್ಕೂ ಕಾಯಬೇಡಿ. ಆಗಲೇ 14416ಕ್ಕೆ ಫೋನ್ ಹಚ್ಚಿ. ಇದು ಸರ್ಕಾರದ ಟೆಲಿ ಮಾನಸ್. 24 ಗಂಟೆಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.