ಹುಂಜವೋ ಹೇಂಟೆಯೋ: ಕೋಳಿಮರಿಯಿಂದ ಒಂದು ವೀಕ್ಷಣಾ ಪಾಠ

ಕೋಳಿ ಸಾಕುವ ಮನೆಯಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬಂದ ವಾರದೊಳಗೇ ಒಂದು ಪ್ರಶ್ನೆ ಏಳುತ್ತದೆ: ಇವುಗಳಲ್ಲಿ ಹುಂಜವೆಷ್ಟು, ಹೇಂಟೆಯೆಷ್ಟು? ಎಣಿಕೆ ತಪ್ಪಿದರೆ ಮುಂದೆ ಮೊಟ್ಟೆಯಿಡಬೇಕಾದ ಮರಿಯೇ ಸಂತೆಗೆ ಹೋಗುತ್ತದೆ. ಗಿಡ್ಡ ತಳಿಗಳಾದ ಬ್ಯಾಂಟಮ್ ಕೋಳಿಗಳಲ್ಲಿ ಮರಿಯ ಗಾತ್ರವೇ ಚಿಕ್ಕದಾದ್ದರಿಂದ ಗುರುತಿಸುವುದು ಇನ್ನೂ ಕಷ್ಟ. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಹೇಳಲು ಕಲಿಸುವ ಶಿಕ್ಷಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು.

ಪಾಠವು ಪದಗಳಿಂದ ಆರಂಭವಾಗಲಿ. ಮಕ್ಕಳು ಮನೆ-ಬೀದಿಗಳಲ್ಲಿ ಕೇಳುವ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿಸಬೇಕು. ಮಡಕಶಿರಾ, ರಾಯದುರ್ಗಗಳಲ್ಲಿ ತೆಲುಗಿನ ಪುಂಜು, ಪೆಟ್ಟ ಬರುತ್ತವೆ. ತಾಳವಾಡಿಯಲ್ಲಿ ತಮಿಳಿನ ಸೇವಲ್, ಪೆಟ್ಟೈ. ಕಾಸರಗೋಡಿನಲ್ಲಿ ಮಲಯಾಳದ ಪೂವನ್, ಪಿಡ. ಸೊಲ್ಲಾಪುರ, ಜತ್ತಗಳ ಮಕ್ಕಳಿಗೆ ಮರಾಠಿಯ ಕೋಂಬಡಾ, ಕೋಂಬಡೀ ಪರಿಚಿತ. ಮರಾಠಿಯಲ್ಲಿ ಈ ಭೇದ ಕ್ರಿಯಾಪದಕ್ಕೂ ಅಂಟುತ್ತದೆ: ಕೋಂಬಡಾ ಆಲಾ, ಕೋಂಬಡೀ ಆಲೀ. ಕನ್ನಡದಲ್ಲಿ ಹುಂಜವೂ ಬಂದಿತು, ಹೇಂಟೆಯೂ ಬಂದಿತು, ಮರಿಯೂ ಬಂದಿತು. ವ್ಯಾಕರಣವು ಅವಸರಪಡಿಸುವುದಿಲ್ಲ, ಅವಸರಪಡುವವರು ಮನುಷ್ಯರು.

ಆ ಅವಸರದಿಂದ ಹುಟ್ಟಿದ ನಂಬಿಕೆಗಳು ಹಲವು. ಚೂಪು ಮೊಟ್ಟೆಯಿಂದ ಹುಂಜ, ದುಂಡು ಮೊಟ್ಟೆಯಿಂದ ಹೇಂಟೆ ಎನ್ನುವವರಿದ್ದಾರೆ; ದಾರಕ್ಕೆ ಸೂಜಿ ಕಟ್ಟಿ ಮರಿಯ ಮೇಲೆ ತೂಗಾಡಿಸುವವರೂ ಇದ್ದಾರೆ. ಇವುಗಳನ್ನು ನಕ್ಕು ತಳ್ಳಿಹಾಕಿದರೆ ಮಗು ಅಜ್ಜಿಯ ಪಕ್ಷವನ್ನೇ ಹಿಡಿಯುತ್ತದೆ. ಅದರ ಬದಲು ಪ್ರತಿ ವಿದ್ಯಾರ್ಥಿಯೂ ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿ, ಪ್ರತಿ ಸಲವೂ ಮೊದಲೇ ಊಹೆಯನ್ನು ಬರೆದಿಡಲಿ. ಏನೂ ತಿಳಿಯದೆ ಊಹಿಸಿದರೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಸುಮಾರು 17. ಮೂವತ್ತು ಮಕ್ಕಳ ತರಗತಿಯಲ್ಲಿ ಅಂಥ 'ಬಲ್ಲವರು' ನಾಲ್ಕೈದು ಮಂದಿಯಾದರೂ ಕಂಡುಬಂದರೆ ಆಶ್ಚರ್ಯವಿಲ್ಲ. ಸೂಜಿಯ ಕೀರ್ತಿ ಎಲ್ಲಿಂದ ಬಂದಿತೆಂಬುದನ್ನು ಮಕ್ಕಳೇ ಹೇಳುತ್ತಾರೆ.

ನಂಬಲರ್ಹವಾದ ಕ್ರಮಗಳೂ ಇವೆ. ಮರಿ ಹುಟ್ಟಿದ ದಿನವೇ ಅದರ ಮಲದ್ವಾರದ ಒಳಗಿನ ಸಣ್ಣ ಗುಬ್ಬಿಯನ್ನು ನೋಡಿ ಗುರುತಿಸುವ ವಿದ್ಯೆಯನ್ನು ಜಪಾನಿನ ವಿಜ್ಞಾನಿಗಳು ರೂಪಿಸಿದರು. ಮಸುಯಿ ಮತ್ತು ಹಾಶಿಮೊಟೊ ಬರೆದ ಇಂಗ್ಲಿಷ್ ಪುಸ್ತಕ 1933ರಲ್ಲಿ ಹೊರಬಂದಿತು. ಇದಕ್ಕೆ ದೀರ್ಘ ತರಬೇತಿ ಬೇಕು. ಅನನುಭವಿಯ ಕೈಯಲ್ಲಿ ಮರಿ ಸಾಯಬಹುದಾದ್ದರಿಂದ ಮಕ್ಕಳು ಇದನ್ನು ಎಂದಿಗೂ ಪ್ರಯತ್ನಿಸಬಾರದು. ಇನ್ನೊಂದು, ರೆಕ್ಕೆಯ ಗರಿಯ ಕ್ರಮ. ಬೇಗ ಗರಿ ಮೂಡುವ ತಳಿಯ ಹುಂಜವನ್ನೂ ನಿಧಾನವಾಗಿ ಮೂಡುವ ತಳಿಯ ಹೇಂಟೆಯನ್ನೂ ಕೂಡಿಸಿದರೆ, ಹೆಣ್ಣುಮರಿಗಳು ತಂದೆಯಂತೆ ಬೇಗ ಗರಿ ತಳೆಯುತ್ತವೆ, ಗಂಡುಮರಿಗಳು ತಾಯಿಯಂತೆ ತಡಮಾಡುತ್ತವೆ. ಈ ಗುಣದ ಜೀನ್ ಇರುವ ಜ಼ೆಡ್ ವರ್ಣತಂತುವನ್ನು ಹೇಂಟೆಯು ಗಂಡುಮರಿಗಳಿಗೆ ಮಾತ್ರ ಕೊಡುವುದೇ ಇದಕ್ಕೆ ಕಾರಣ. ಹಾಗೆ ಆರಿಸಿ ಕೂಡಿಸದ ಹಿತ್ತಿಲ ಮರಿಗಳಲ್ಲಿ ಗರಿಯ ಉದ್ದ ಏನನ್ನೂ ಸಾಬೀತುಪಡಿಸದು.

ಹಿತ್ತಿಲ ಬ್ಯಾಂಟಮ್ ಮರಿಗಳಿಗೆ ಉಳಿದಿರುವುದು ಕಾಯುವ ದಾರಿ. ಒಂದೂವರೆ ತಿಂಗಳ ಹೊತ್ತಿಗೆ ಗಂಡುಮರಿಯ ಜುಟ್ಟು ಸಾಮಾನ್ಯವಾಗಿ ದೊಡ್ಡದಾಗಿ ಕೆಂಪೇರುತ್ತದೆ, ಕಾಲು ದಪ್ಪವಾಗುತ್ತದೆ. ಮೂರು ತಿಂಗಳು ಕಳೆದ ಮೇಲೆ ಬಾಲದ ಬುಡದಲ್ಲಿ ಚೂಪಾದ ನೀಳ ಗರಿಗಳು ಇಳಿಬೀಳುತ್ತವೆ. ಹೇಂಟೆಯ ಗರಿ ದುಂಡುತುದಿಯದು. ಇಲ್ಲಿಯೂ ಅಪವಾದ ತಪ್ಪದು. ಇಂಗ್ಲೆಂಡಿನ ಸೀಬ್ರೈಟ್ ಬ್ಯಾಂಟಮ್ ತಳಿಯಲ್ಲಿ ಹುಂಜಕ್ಕೂ ಹೇಂಟೆಯಂಥ ದುಂಡು ಗರಿಯೇ. ಕೂದಲಿನಂಥ ಗರಿಯ ಸಿಲ್ಕಿ ತಳಿಯಲ್ಲಿ ಅನುಭವಿಗಳೂ ತಿಂಗಳುಗಟ್ಟಲೆ ಸಂದೇಹದಲ್ಲಿರುತ್ತಾರೆ.

ಬರವಣಿಗೆಯ ಕೆಲಸ ಇಲ್ಲಿಂದ ಹುಟ್ಟುತ್ತದೆ. ಕೋಳಿಯಿರುವ ಮನೆಯ ಮಕ್ಕಳು ಪ್ರತಿ ಮರಿಯ ಕಾಲಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ, ಕಾಲು ದಪ್ಪವಾದಂತೆ ಬದಲಾಯಿಸುತ್ತ, ವಾರಕ್ಕೊಮ್ಮೆ ಎರಡು ವಾಕ್ಯ ಬರೆಯಲಿ. ಮೊದಲನೆಯದರಲ್ಲಿ ಕಣ್ಣಿಗೆ ಕಂಡದ್ದು ಮಾತ್ರ: 'ಕೆಂಪು ದಾರದ ಮರಿಯ ಜುಟ್ಟು ಉಳಿದವುಗಳಿಗಿಂತ ದೊಡ್ಡದಾಗಿದೆ.' ಎರಡನೆಯದರಲ್ಲಿ ಊಹೆ: 'ಇದು ಹುಂಜವಿರಬಹುದು.' 'ಇದೆ', 'ಇರಬಹುದು', 'ಇರಲೇಬೇಕು' ಎಂಬ ರೂಪಗಳ ತೂಕವನ್ನು ಮಕ್ಕಳು ಇಲ್ಲಿ ಬಳಸಿ ಅರಿಯುತ್ತಾರೆ. ಅಭ್ಯಾಸದ ಬಿಟ್ಟ ಸ್ಥಳ ತುಂಬುವುದರಿಂದ ಅದು ಬರಲಾರದು. 'ಇನ್ನೂ ತಿಳಿಯದು' ಎಂದು ಬರೆದ ಮಗುವಿಗೆ ಅಂಕ ಕಡಿತಗೊಳಿಸಬಾರದು. ಹಾಳೆಯ ಕೊನೆಯ ಮನೆಯನ್ನು ಖಾಲಿ ಬಿಟ್ಟಿರಬೇಕು. ಮೊಟ್ಟೆ ಸಿಕ್ಕ ದಿನ, ಇಲ್ಲವೆ ಹುಂಜದ ಗರಿ ತಳೆದ ಮರಿಯು ಕೂಗಿದ ದಿನ, ಮಗುವೇ ಅದನ್ನು ತುಂಬಲಿ. ಹಿಂದಿನ ತಪ್ಪು ಊಹೆಗಳನ್ನು ಅಳಿಸಲು ಬಿಡಬಾರದು.